ಸವಣೂರಿನ ದೊಡ್ಡ ಹುಣಸೆ: ಕೃಷ್ಣ ತಂದನೇ, ಹಬಶಿಗಳು ತಂದರೇ?

ಹೋದ ತಿಂಗಳು ಹಳೆಯ ಮರಗಳ ಬಗ್ಗೆ ಬರೆಯುವಾಗ ಸವಣೂರಿನ ದೊಡ್ಡ ಹುಣಸೆ ಮರಗಳ ಹೆಸರು ಎತ್ತಿದ್ದೆ. ಬರೆದದ್ದು ಒಂದೇ ಸಾಲು. ಅದಕ್ಕೆ ಬಂದ ಪತ್ರಗಳನ್ನು ನೋಡಿ ತುಂಬಾ ಖುಷಿಯಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಮರಗಳದ್ದೇ.

ನೋಡದವರಿಗೆ ಎರಡು ಮಾತು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಕಲ್ಮಠ ಅಂತ ಇದೆ. ಮಠಕ್ಕೆ ಹೆಸರು ಬಂದದ್ದೇ ಅಲ್ಲಿನ ಮೂರು ಭಾರಿ ಮರಗಳಿಂದ. ಕಾಂಡ ಎಷ್ಟು ದಪ್ಪ ಅಂದರೆ, ಚಿಕ್ಕವರಿದ್ದಾಗ ನಾವು ಎಂಟು ಮಕ್ಕಳು ಕೈಗೆ ಕೈ ಹಿಡಿದು ನಿಂತರೂ ಸುತ್ತು ಮುಗಿಯುತ್ತಿರಲಿಲ್ಲ. ಹೆಸರು ಹುಣಸೆ, ಆದರೆ ಹುಣಸೆ ಜಾತಿಯದ್ದಲ್ಲ. ಇದು ಆಫ್ರಿಕಾದ ಬಾವೋಬಾಬ್. ನನ್ನ ತಾಯಿಯ ತವರು ಸವಣೂರು. ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆಯುತ್ತಿತ್ತು. ಆಮೇಲೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದೆ. ಆದರೆ ಮರವೊಂದನ್ನು ಸರಿಯಾಗಿ ನೋಡೋದು ಕಲಿತದ್ದು ಅಲ್ಲಿಯೇ.

ಪ್ರಶ್ನೆ: ನಮ್ಮ ಮಾವನವರು ಈ ಮರಗಳನ್ನು ಶ್ರೀಕೃಷ್ಣ ತಂದು ನೆಟ್ಟ ಅನ್ನುತ್ತಾರೆ. ನಮ್ಮ ಆಫೀಸಿನ ಗೆಳೆಯರೊಬ್ಬರು ಆಫ್ರಿಕಾದ ಹಬಶಿಗಳು ತಂದದ್ದು ಅನ್ನುತ್ತಾರೆ. ಮನೆಯಲ್ಲಿ ಇದೇ ವಾದ. ನೀವೇ ತೀರ್ಪು ಕೊಡಿ.
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಮೊದಲು ನಿಮ್ಮ ಮಾವನವರ ಪರವಾಗಿ ಮಾತಾಡುತ್ತೇನೆ. ನನ್ನ ಅಜ್ಜಿ ಹೇಳುತ್ತಿದ್ದದ್ದೂ ಅದೇ ಕಥೆ. ಮಠದ ಅಂಗಳಕ್ಕೆ ಕಾಲಿಡುವ ಮುಂಚೆ ಚಪ್ಪಲಿ ಬಿಡಿಸಿ, "ಕೈ ಮುಗೀವಾ, ಕೃಷ್ಣದೇವರು ತಂದ ಗಿಡ ಅದು" ಅನ್ನುತ್ತಿದ್ದಳು. ನಮ್ಮ ಕಡೆ ಎಷ್ಟು ದೊಡ್ಡ ಮರಕ್ಕೂ ಗಿಡ ಅಂತಲೇ ಅನ್ನೋದು. "ಎಲ್ಲಿಂದ ತಂದ?" ಅಂತ ಕೇಳಿದರೆ, "ಸಮುದ್ರದ ಆಚಿಂದ. ನಮ್ಮ ಹುಣಸಿ ಅಲ್ಲ ಇದು, ಎಲಿ ನೋಡು" ಅಂತಿದ್ದಳು. ಎಲೆ ತೋರಿಸಿ ಮಾತಾಡಿದಳಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಹುಣಸೆಗೆ ಸಾಲು ಸಾಲು ಸಣ್ಣ ಎಲೆ. ಇದಕ್ಕೆ ಒಂದೇ ತೊಟ್ಟಿನಲ್ಲಿ ಐದೋ ಏಳೋ ಎಲೆ, ಬೆರಳು ಬಿಡಿಸಿ ಹಿಡಿದ ಕೈಯ ಹಾಗೆ.

ಈಗ ಒಂದು ವಿಷಯ ಗಮನಿಸಿ. ನಮ್ಮ ಊರುಗಳಲ್ಲಿ ಆಲ, ಅರಳಿ, ಬೇವು ಎಲ್ಲಕ್ಕೂ ಕಥೆ ಇರುತ್ತದೆ. ಅಲ್ಲಿ ದೇವರು ವಾಸ ಮಾಡುತ್ತಾನೆ, ಮುನಿ ಕೂತಿದ್ದ, ನಾಗರ ಇದೆ ಅಂತೆಲ್ಲ. ಆದರೆ ಬೇವಿನ ಮರವನ್ನು ಯಾರೋ ದೂರದಿಂದ ಹೊತ್ತು ತಂದರು ಅಂತ ಯಾರೂ ಹೇಳೋದಿಲ್ಲ. ಬಾವೋಬಾಬ್ ಕಥೆಗಳಲ್ಲಿ ಮಾತ್ರ ಹೆಚ್ಚಾಗಿ ಒಬ್ಬ ಹೊತ್ತು ತಂದವನು ಇದ್ದೇ ಇರುತ್ತಾನೆ. ಸವಣೂರಿನಲ್ಲಿ ಅವನು ಕೃಷ್ಣ. ಮಧ್ಯಪ್ರದೇಶದ ಮಾಂಡೂವಿನಲ್ಲಿ ಇದಕ್ಕೆ ಖುರಾಸಾನಿ ಇಮ್ಲಿ ಅನ್ನುತ್ತಾರೆ, ಅಂದರೆ ಖುರಾಸಾನದ ಹುಣಸೆ. ಅಲ್ಲಿ ಹೆಸರೇ ಪರದೇಶದ್ದು. ಕಥೆಯಲ್ಲಿ ಹೆಸರು, ಊರು ಬದಲಾಗುತ್ತವೆ. ಆದರೆ "ಇದು ಹೊರಗಿನಿಂದ ಬಂದದ್ದು" ಅನ್ನೋ ನೆನಪು ಮಾತ್ರ ಅಳಿಸಿಲ್ಲ. ಅಜ್ಜಿ ಹೇಳಿದ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಯಾರೂ ಬರೆದಿಡದ ಸಂಗತಿಯನ್ನು ಅವಳು ಸರಿಯಾಗಿಯೇ ಹೇಳಿದ್ದಳು.

ಅದು ಕೃಷ್ಣನ ಹೆಸರಿಗೇ ಏಕೆ ಅಂಟಿಕೊಂಡಿತು? ಇದು ನನ್ನ ಊಹೆ. ನಮ್ಮ ಉತ್ತರ ಕರ್ನಾಟಕದಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ನೋಡದ ಹಳ್ಳಿ ಕಮ್ಮಿ. ಹೆಂಡಿರ ಜಗಳ ತೀರಿಸಲು ದೇವಲೋಕದಿಂದ ಮರ ಕಿತ್ತು ತಂದ ದೇವರು ಕೃಷ್ಣ ಒಬ್ಬನೇ. ಎಲ್ಲಿಂದ ಬಂತೋ ಗೊತ್ತಿಲ್ಲದ ವಿಚಿತ್ರ ಮರ ಊರಲ್ಲಿದ್ದರೆ ಜನ ಬೇರೆ ಯಾರ ಹೆಸರು ಹೇಳಬೇಕು?

ಇನ್ನು ನಿಮ್ಮ ಗೆಳೆಯರ ಮಾತು. ಅದಕ್ಕೂ ಗಟ್ಟಿ ಆಧಾರ ಇದೆ. ಆಫ್ರಿಕಾದ ಪೂರ್ವ ಕರಾವಳಿಗೂ ನಮ್ಮ ಪಶ್ಚಿಮ ಕರಾವಳಿಗೂ ಹಡಗಿನ ವ್ಯಾಪಾರ ಶತಮಾನಗಳಿಂದ ಇತ್ತು. ದಖ್ಖನದ ಸುಲ್ತಾನರ ಸೈನ್ಯದಲ್ಲಿ ಆಫ್ರಿಕಾ ಮೂಲದ ಹಬಶಿಗಳು ದೊಡ್ಡ ಹುದ್ದೆಗೆ ಏರಿದ್ದರು. ಅಹಮದ್‌ನಗರದ ಮಲಿಕ್ ಅಂಬರ್ ಹೆಸರು ಎಲ್ಲರಿಗೂ ಗೊತ್ತು. ವಿಜಯಪುರದ ಆದಿಲ್‌ಶಾಹಿ ದರಬಾರಿನಲ್ಲಿ ಇಖ್ಲಾಸ್ ಖಾನ್ ಇದ್ದ. ಸವಣೂರಿನ ನವಾಬರ ಪಠಾಣ ಮನೆತನವೂ ಮೊದಲು ವಿಜಯಪುರದ ದರಬಾರಿನಲ್ಲೇ ಇತ್ತು. ಆ ವಿಜಯಪುರದಲ್ಲೂ ಹಳೆಯ ಬಾವೋಬಾಬ್ ಮರಗಳಿವೆ. ಯಲ್ಲಾಪುರ, ಹಳಿಯಾಳದ ಕಡೆ ಇವತ್ತಿಗೂ ಬಾಳುತ್ತಿರುವ ಸಿದ್ದಿ ಜನರ ಪೂರ್ವಿಕರೂ ಆಫ್ರಿಕಾದವರೇ.

ಭಾರತದ ಬಾವೋಬಾಬ್‌ಗಳ ವಂಶವಾಹಿ ಪರೀಕ್ಷೆಯೂ ನಡೆದಿದೆ. ಈ ಮರಗಳು ಒಂದೇ ಸಲ ಬಂದದ್ದಲ್ಲ, ಆಫ್ರಿಕಾದ ಬೇರೆ ಬೇರೆ ಭಾಗಗಳಿಂದ ಬೇರೆ ಬೇರೆ ಕಾಲಕ್ಕೆ ಬಂದವು ಅಂತ ಅದರಿಂದ ತಿಳಿಯಿತು. ಇದರ ಕಾಯಿ ನೀರಿನಲ್ಲಿ ತೇಲುತ್ತದೆ, ತೇಲಿ ಬಂದು ದಡ ಸೇರಿರಬಹುದು ಅನ್ನುವವರೂ ಇದ್ದಾರೆ. ಕರಾವಳಿಯ ಮರಗಳ ಮಟ್ಟಿಗೆ ಆ ಮಾತು ಸರಿ ಇರಬಹುದು. ಸವಣೂರು ಘಟ್ಟದ ಈಚೆಗೆ ಇದೆ. ಇಲ್ಲಿಗೆ ಬರಬೇಕಾದರೆ ಮನುಷ್ಯನ ಕೈಯೇ ಬೇಕು. ಒಬ್ಬ ಸಿಪಾಯಿಯೋ ವ್ಯಾಪಾರಿಯೋ ಫಕೀರನೋ ಒಂದು ಒಣ ಕಾಯಿ ಜೋಳಿಗೆಯಲ್ಲಿ ಇಟ್ಟುಕೊಂಡು ಬಂದಿರಬೇಕು. ಅದರ ತಿರುಳು ಕೆಡುವುದಿಲ್ಲ, ದಾರಿಯಲ್ಲಿ ಬಾಯಿಗೆ ಹಾಕಿಕೊಳ್ಳಬಹುದು. ತಿಂದು ಉಗುಳಿದ ಬೀಜವೇ ಸಾಕು.

ಹಾಗಾಗಿ ತೀರ್ಪು ಕೇಳಿದ್ದೀರಲ್ಲ, ಹೇಳುತ್ತೇನೆ. ಮರ ಆಫ್ರಿಕಾದ್ದು, ತಂದವರು ಮನುಷ್ಯರು. ಆದರೆ "ತಂದದ್ದು" ಅನ್ನೋ ಮಾತನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ನಿಮ್ಮ ಮಾವನಂಥವರು.

ಪ್ರಶ್ನೆ: ಈ ಮರಗಳಿಗೆ ಐದು ಸಾವಿರ ವರ್ಷ, ಎರಡು ಸಾವಿರ ವರ್ಷ ಅಂತೆಲ್ಲ ಓದಿದ್ದೇನೆ. ಉಂಗುರ ಎಣಿಸಿ ನೋಡಿದರೆ ಆಯಿತಲ್ವಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಬಾವೋಬಾಬ್‌ನಲ್ಲಿ ಉಂಗುರದ ಲೆಕ್ಕ ನಂಬಲು ಆಗೋದಿಲ್ಲಮ್ಮಾ. ಇದರ ಕಟ್ಟಿಗೆ ತೇಗ, ಹೊನ್ನೆಯ ಹಾಗೆ ಗಟ್ಟಿ ಇಲ್ಲ. ನೀರು ಕುಡಿದ ಸ್ಪಂಜಿನ ಹಾಗೆ ಮೆತ್ತಗೆ. ಉಂಗುರ ಕೆಲವು ಕಡೆ ಕಾಣುತ್ತದೆ, ಕೆಲವು ಕಡೆ ಕಾಣೋದಿಲ್ಲ. ಸುತ್ತಳತೆ ನೋಡಿ ವಯಸ್ಸು ಹೇಳೋದೂ ಕಷ್ಟ. ಯಾಕೆಂದರೆ ದೊಡ್ಡ ಬಾವೋಬಾಬ್ ಎಷ್ಟೋ ಸಲ ಒಂದು ಕಾಂಡ ಆಗಿರುವುದಿಲ್ಲ. ನಾಲ್ಕೈದು ಕಾಂಡಗಳು ವೃತ್ತವಾಗಿ ಎದ್ದು, ಬೆಳೆಯುತ್ತಾ ಒಂದಕ್ಕೊಂದು ಕೂಡಿಕೊಂಡು, ನಡುವೆ ಪೊಟರೆ ಉಳಿಯುತ್ತದೆ. ಆ ಪೊಟರೆಯ ಒಳಗೋಡೆಗೂ ತೊಗಟೆ ಇರುತ್ತದೆ. ಹುಳ ತಿಂದು ಟೊಳ್ಳಾದ ಮರದಲ್ಲಿ ಒಳಗೆ ತೊಗಟೆ ಇರೋದಕ್ಕೆ ಸಾಧ್ಯವಾ? ಇದನ್ನು ಕಂಡುಹಿಡಿದವರು ರೊಮಾನಿಯಾದ ವಿಜ್ಞಾನಿ ಆಡ್ರಿಯನ್ ಪಾಟ್ರುಟ್ ಮತ್ತು ಅವರ ತಂಡ. ಮರಕ್ಕೆ ಪೆಟ್ಟಾಗದ ಹಾಗೆ ಸಣ್ಣ ಚೂರು ತೆಗೆದು ಇಂಗಾಲದ ಕಾಲಮಾಪನ ಮಾಡಿ, ಅಂದರೆ ಕಟ್ಟಿಗೆಯಲ್ಲಿ ಉಳಿದ ವಿಕಿರಣ ಇಂಗಾಲ ಅಳೆದು, ವಯಸ್ಸು ಕಟ್ಟುತ್ತಾರೆ.

ಹಾಗೆ ಲೆಕ್ಕ ಸಿಕ್ಕ ಮರಗಳಲ್ಲಿ ಅತಿ ಹಳೆಯದು ಜಿಂಬಾಬ್ವೆಯ ಪಾಂಕೆ ಅನ್ನುವ ಮರ, ಸುಮಾರು 2,450 ವರ್ಷ. ಅದು ಈಗಿಲ್ಲ. 2018ರಲ್ಲಿ ಇದೇ ತಂಡ ಇನ್ನೊಂದು ಸುದ್ದಿ ಕೊಟ್ಟಿತು. ಆಫ್ರಿಕಾದ ಅತಿ ಹಳೆಯ 13 ಬಾವೋಬಾಬ್‌ಗಳಲ್ಲಿ 9 ಮರಗಳು ಹತ್ತು ಹನ್ನೆರಡು ವರ್ಷದ ಒಳಗೆ ಪೂರ್ತಿಯಾಗಿಯೋ ಭಾಗಶಃವೋ ಸತ್ತಿವೆ ಅಂತ. ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ.

ಭಾರತದಲ್ಲಿ ಈ ತಂಡ ಉತ್ತರ ಪ್ರದೇಶದ ಎರಡು ಮರ ಪರೀಕ್ಷಿಸಿತು. ಒಂದು ಪ್ರಯಾಗದ ಹತ್ತಿರದ ಝೂಸಿಯದು, ಇನ್ನೊಂದು ಬಾರಾಬಂಕಿ ಜಿಲ್ಲೆಯ ಕಿಂತೂರಿನದು. ಎರಡಕ್ಕೂ ಸುಮಾರು 800 ವರ್ಷ. ಅವರು 2020ರಲ್ಲಿ ಪ್ರಕಟಿಸಿದಾಗ ಆಫ್ರಿಕಾದ ಹೊರಗೆ ವಯಸ್ಸು ಸಿಕ್ಕಿದ ಅತಿ ಹಳೆಯ ಬಾವೋಬಾಬ್‌ಗಳು ಅವೇ. ಹಾಗಾಗಿ ಸವಣೂರಿನ ಮರಕ್ಕೆ ಐದು ಸಾವಿರ ವರ್ಷ ಅನ್ನೋದನ್ನು ನಾನು ಒಪ್ಪೋದಿಲ್ಲ. ಎಂಟುನೂರು ವರ್ಷ ಅಂದರೂ ಹೊಯ್ಸಳರ ಕಾಲ ಆಯಿತಲ್ಲ. ಅದೇನು ಕಮ್ಮಿಯೇ?

ಆದರೆ ಐದು ಸಾವಿರ ಅಂದವರನ್ನು ತಪ್ಪು ತಿಳಿಯಬೇಡಿ. ಈ ಮರದ ಸಸ್ಯಶಾಸ್ತ್ರದ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಫ್ರಾನ್ಸಿನ ಮಿಶೆಲ್ ಅಡಾನ್ಸನ್ ನೆನಪಿಗೆ ಲಿನ್ನೇಯಸ್ ಇಟ್ಟದ್ದು. ಡಿಜಿಟೇಟಾ ಅಂದರೆ ಬೆರಳುಳ್ಳದ್ದು. ಅಜ್ಜಿ "ಎಲಿ ನೋಡು" ಅಂದಳಲ್ಲ, ಅದೇ. ಅಡಾನ್ಸನ್ 1749ರಲ್ಲಿ ಸೆನೆಗಲ್‌ಗೆ ಹೋದವನು. ಅಲ್ಲಿ ಹಳೇ ನಾವಿಕರು ಬಾವೋಬಾಬ್ ತೊಗಟೆಯ ಮೇಲೆ ಕೆತ್ತಿದ ಹೆಸರುಗಳನ್ನು ನೋಡಿದ. ಕೆತ್ತಿದ ಮೇಲೆ ಮರ ಎಷ್ಟು ದಪ್ಪ ಆಗಿದೆ ಅಂತ ಲೆಕ್ಕ ಹಾಕಿ, ದೊಡ್ಡ ಮರಗಳಿಗೆ ಐದು ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು ಕಟ್ಟಿದ. ಆ ಮರದ ಮುಂದೆ ನಿಂತರೆ ಸಣ್ಣ ಅಂಕಿ ಬಾಯಿಗೆ ಬರೋದೇ ಇಲ್ಲ.

ಪ್ರಶ್ನೆ: ನೀವು ಹೇಳುವ ಕಿಂತೂರಿನ ಮರಕ್ಕೆ ಪಾರಿಜಾತ ಅನ್ನುತ್ತಾರಂತೆ. ನಮ್ಮ ಮನೆ ಮುಂದಿನ ಪಾರಿಜಾತ ತೆಳ್ಳಗಿನ ಗಿಡ, ಕೇಸರಿ ತೊಟ್ಟಿನ ಪುಟ್ಟ ಹೂ. ಎರಡೂ ಒಂದೇನಾ?
– ಗೃಹಿಣಿ, ಬೆಂಗಳೂರು

ಅಲ್ಲ. ನಿಮ್ಮ ಮನೆಯದು ನಿಜವಾದ ಪಾರಿಜಾತ. ಬೆಳಗ್ಗೆ ನೆಲದ ತುಂಬ ಉದುರುತ್ತದಲ್ಲ, ಅದು. ಕಿಂತೂರಿನದು ಬಾವೋಬಾಬ್. ಆ ಊರಿನ ಹೆಸರು ಕುಂತಿಯಿಂದ ಬಂತು ಅನ್ನುತ್ತಾರೆ. ಕುಂತಿ ಶಿವಪೂಜೆಗೆ ಹೂ ಬೇಕು ಅಂದಳು, ಅರ್ಜುನ ಸ್ವರ್ಗದಿಂದ ಮರವನ್ನೇ ತಂದ ಅನ್ನೋದು ಅಲ್ಲಿನ ಕಥೆ. ಕೃಷ್ಣ ಸತ್ಯಭಾಮೆಗಾಗಿ ತಂದ ಅನ್ನುವವರೂ ಇದ್ದಾರೆ. ನೋಡಿ, ಅಲ್ಲೂ ತಂದದ್ದೇ! ಮರಾಠಿಯಲ್ಲಿ ಇದು ಗೋರಖ ಚಿಂಚ, ಹಿಂದಿಯಲ್ಲಿ ಗೋರಖ್ ಇಮ್ಲಿ. ಗೋರಖನಾಥರು ಇದರ ಕೆಳಗೆ ಕೂತು ಶಿಷ್ಯರಿಗೆ ಉಪದೇಶ ಮಾಡಿದರು ಅಂತ. ಚಿಂಚ ಅಂದರೂ ಇಮ್ಲಿ ಅಂದರೂ ಹುಣಸೆಯೇ.

ಹುಣಸೆ ಅನ್ನೋ ಹೆಸರು ಎಲ್ಲ ಕಡೆ ಯಾಕೆ ಬಂತು ಅಂತ ತಿಳಿಯಬೇಕಾದರೆ ಕಾಯಿ ಒಡೆದು ನೋಡಬೇಕು. ಗೇಣುದ್ದದ ಸೋರೆಬುರುಡೆಯ ಹಾಗೆ ಇರುತ್ತದೆ. ಮೈಮೇಲೆ ಮಖಮಲ್ಲಿನಂಥ ಕಂದು ರೋಮ. ಅದನ್ನು ಕೈಯಲ್ಲಿ ಉಜ್ಜಿದರೆ ಕೆರೆತ ಬರುತ್ತದೆ. ನಾವು ಲಂಗದ ತುದಿಯಲ್ಲಿ ಹಿಡಿದು ಕಲ್ಲಿಗೆ ಕುಟ್ಟುತ್ತಿದ್ದೆವು. ಟಪ್ ಅಂತ ಒಡೆದರೆ ಒಳಗೆ ಬಿಳೀ ಬೆಂಡಿನ ತುಂಡುಗಳು, ಕೆಂಪು ನಾರಿನಲ್ಲಿ ಸಿಕ್ಕಿಕೊಂಡ ಹಾಗೆ. ಬಾಯಿಗೆ ಹಾಕಿದರೆ ಸುಣ್ಣದ ಕಡ್ಡಿಯ ಹಾಗೆ ಪುಡಿಪುಡಿ, ಆಮೇಲೆ ನಿಧಾನಕ್ಕೆ ಹುಳಿ ಏರುತ್ತದೆ. ಅಜ್ಜಿ ಅದಕ್ಕೆ ಸವಣೂರ ಖಾರದ ಪುಡಿ, ಉಪ್ಪು ಹಚ್ಚಿ ಕೊಡುತ್ತಿದ್ದಳು. ಈಗ ಇದೇ ಪುಡಿ ವಿಟಮಿನ್ ಸಿ ಅಂತ ವಿದೇಶದಲ್ಲಿ ಡಬ್ಬಿಯಲ್ಲಿ ಬರುತ್ತದೆ. 2008ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಆಹಾರ ಅಂತ ಒಪ್ಪಿಕೊಂಡಿತು.

ಪ್ರಶ್ನೆ: ಸವಣೂರಿಗೆ ಹೋಗಿ ಬಂದಾಗಿನಿಂದ ನನ್ನ ಏಳು ವರ್ಷದ ಮಗ ಆ ಮರದಲ್ಲಿ ದೆವ್ವ ಇದೆ, ರಾತ್ರಿ ಹಾರಾಡುತ್ತದೆ ಅಂತ ಹೆದರಿದ್ದಾನೆ. ಯಾರೋ ದೊಡ್ಡವರೇ ಹೇಳಿದರಂತೆ.
– ಒಬ್ಬ ತಾಯಿ, ರಾಣೆಬೆನ್ನೂರು

ಹಾರಾಡೋದು ನಿಜ ಅಂತ ಮೊದಲು ಒಪ್ಪಿಕೊಳ್ಳಿ. ಇಲ್ಲದಿದ್ದರೆ ಅವನು ನಿಮ್ಮ ಮಾತು ನಂಬೋದಿಲ್ಲ. ಹಾರುವುದು ಬಾವಲಿ. ಈ ಮರದ ಹೂ ಅರಳೋದೇ ಸಂಜೆ ಕತ್ತಲಾಗುವಾಗ. ಉದ್ದ ತೊಟ್ಟಿನಲ್ಲಿ ತಲೆಕೆಳಗಾಗಿ ಜೋತಾಡುವ, ಅಂಗೈಗಿಂತ ಅಗಲದ ಬಿಳೀ ಹೂ. ನಡುವೆ ಬಿಳೀ ಕೇಸರಗಳ ಒಂದು ದೊಡ್ಡ ಚೆಂಡು. ವಾಸನೆ ಮಲ್ಲಿಗೆಯ ಹಾಗಲ್ಲ, ಹುಳಿಸಿದ ಹಾಗೆ ಇರುತ್ತದೆ. ಅದು ಬಾವಲಿಗೆ ಇಷ್ಟ. ರಾತ್ರಿ ಬಾವಲಿ ಬಂದು ಮಕರಂದ ಕುಡಿದು ಪರಾಗ ಸಾಗಿಸಿದರೆ ಕಾಯಿ ಕಟ್ಟುತ್ತದೆ. ಮಳೆಗಾಲದ ಶುರುವಿಗೆ ಬೆಳಗ್ಗೆ ಬೇಗ ಕರೆದುಕೊಂಡು ಹೋಗಿ. ಕೆಳಗೆ ಬಿದ್ದ ಹೂ ಅವನ ಕೈಗೆ ಕೊಡಿ. ಅಂಚು ಆಗಲೇ ಕಂದು ತಿರುಗಿರುತ್ತದೆ, ಮೂಸಿ ನೋಡಲಿ. ನನಗೂ ಅವನ ವಯಸ್ಸಿನಲ್ಲಿ ಅದೇ ಭಯ ಇತ್ತು. ಅಂಥ ಒಂದು ಹೂ ಕೈಗೆ ಬಂದ ದಿನ ಆ ಭಯ ಹೋಯಿತು.

ಎಲೆ ಉದುರಿದ ಬೇಸಿಗೆಯಲ್ಲಿ ಆ ಬೋಳು ಕೊಂಬೆಗಳು ಬೇರಿನ ಹಾಗೆ ಕಾಣುತ್ತವೆ. ಆಫ್ರಿಕಾದಲ್ಲಿ ಅದಕ್ಕೊಂದು ಕಥೆ ಇದೆ: ದೇವರು ಸಿಟ್ಟಿನಿಂದ ಮರ ಕಿತ್ತು ಎಸೆದ, ಅದು ತಲೆಕೆಳಗಾಗಿ ನೆಟ್ಟುಕೊಂಡಿತು ಅಂತ. ಮಲಗುವಾಗ ಈ ಕಥೆ ಹೇಳಿ. ಮಕ್ಕಳಿಗೆ ತುಂಬಾ ಇಷ್ಟ ಆಗುತ್ತದೆ.

ಪ್ರಶ್ನೆ: 2023ರ ಮಳೆಗೆ ಮೂರರಲ್ಲಿ ಒಂದು ಮರ ಬಿತ್ತು, ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇಷ್ಟು ವಯಸ್ಸಾದ ಮರವನ್ನು ಮತ್ತೆ ನೆಡೋದರಲ್ಲಿ ಅರ್ಥ ಇದೆಯಾ?
– ನಿವೃತ್ತ ಇಂಜಿನಿಯರ್, ಗದಗ

ಇದೆ ಸರ್. ಆ ಜುಲೈನಲ್ಲಿ ತಂಗಿ ಮೊಬೈಲಿಗೆ ಫೋಟೋ ಕಳಿಸಿದಳು. ಬುಡ ಮೇಲೆ, ಬೇರು ಆಕಾಶಕ್ಕೆ. ಮನೆಯ ಹಿರಿಯರು ಜಾರಿ ಬಿದ್ದ ಫೋಟೋ ನೋಡಿದ ಹಾಗಾಯಿತು, ತುಂಬಾ ಹೊತ್ತು ಮಾತೇ ಬರಲಿಲ್ಲ.

ಬೇರೆ ಮರ ಆಗಿದ್ದರೆ ನಾನೂ ಅನುಮಾನ ಪಡುತ್ತಿದ್ದೆ. ಬಾವೋಬಾಬ್ ಸ್ವಭಾವವೇ ಬೇರೆ. ಕಾಂಡದ ತೂಕದಲ್ಲಿ ಬಹುಪಾಲು ನೀರು. ಬೇರು ಹರಿದರೂ ಬಹಳ ದಿನ ಆ ನೀರಿನ ಮೇಲೆ ಜೀವ ಹಿಡಿಯುತ್ತದೆ. ಆಫ್ರಿಕಾದಲ್ಲಿ ಬಿದ್ದ ಬಾವೋಬಾಬ್ ಮಲಗಿದಲ್ಲೇ ಚಿಗುರಿ ಬೆಳೆಯುವುದುಂಟು. ಜನ ಹಗ್ಗಕ್ಕಾಗಿ ಇದರ ತೊಗಟೆ ಸುಲಿಯುತ್ತಾರೆ, ಅದೂ ಮತ್ತೆ ಬೆಳೆಯುತ್ತದೆ. ಹಾಗಾಗಿ ಕೊಂಬೆ ಕತ್ತರಿಸಿ ಭಾರ ಇಳಿಸಿ ನಿಲ್ಲಿಸಿದ್ದು ಸರಿಯಾದ ಕೆಲಸ. ಅದಕ್ಕೆ ದುಡಿದವರಿಗೆಲ್ಲ ನಾನು ಋಣಿ.

ನನ್ನ ಭಯ ಇರೋದು ಬುಡದ ಬಗ್ಗೆ. ಈ ಮರಕ್ಕೆ ವಯಸ್ಸಾದ ಮೇಲೆ ತಾಯಿಬೇರಿನ ಬಲ ಇರೋದಿಲ್ಲ. ಬೇರುಗಳು ಮೇಲುಮೇಲೆ, ದೂರದವರೆಗೆ ಹರಡುತ್ತವೆ. ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹಿಡಿತ ಸಡಿಲ ಆಗುತ್ತದೆ. ಪ್ರೀತಿಯಿಂದಲೇ ಆದರೂ ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟೋದು, ಟೈಲ್ಸ್ ಹಾಸೋದು ಬೇಡ. ಮಳೆನೀರು ಹರಿದುಹೋಗಲು ಕಾಲುವೆ ಮಾಡಿ, ಸುತ್ತ ಬೇಲಿ ಹಾಕಿದರೆ ಸಾಕು. ರಾಮೋಹಳ್ಳಿ ಹತ್ತಿರದ ದೊಡ್ಡ ಆಲದಮರಕ್ಕೆ ಆದದ್ದು ನಿಮಗೆ ಗೊತ್ತೇ ಇದೆ. ಮೂರು ಎಕರೆ ಹರಡಿದ ಮರ, ಆದರೆ ಮೂಲ ಕಾಂಡ ರೋಗಕ್ಕೆ ಹೋಯಿತು. ಆಲಕ್ಕೆ ಬಿಳಲುಗಳಿವೆ, ಬದುಕಿತು. ನಮ್ಮ ದೊಡ್ಡ ಹುಣಸೆಗೆ ಬಿಳಲಿಲ್ಲ.

ಪ್ರಶ್ನೆ: ಮರಕ್ಕೆ ದಾರ ಸುತ್ತೋದು, ಅರಿಶಿನ ಕುಂಕುಮ ಹಚ್ಚೋದರಿಂದ ತೊಂದರೆಯಾ?
– ಓದುಗಿ, ಬ್ಯಾಡಗಿ

ಹತ್ತಿ ದಾರ, ಅರಿಶಿನದಿಂದ ಏನೂ ಆಗೋದಿಲ್ಲ. ಮೊಳೆ ಹೊಡೆಯಬೇಡಿ. ಬುಡಕ್ಕೆ ಒತ್ತಿ ದೀಪ ಇಡಬೇಡಿ. ಚಾಕುವಿನಲ್ಲಿ ಹೆಸರು ಕೆತ್ತುವ ಹುಡುಗರು ಕಂಡರೆ ದಯವಿಟ್ಟು ಸುಮ್ನೆ ಇರಬೇಡಿ, ನಿಲ್ಲಿಸಿ.

ಪ್ರಶ್ನೆ: ಸವಣೂರಿನಿಂದ ಬೀಜ ತಂದು ಹಾಕಿದೆ. ಎರಡು ತಿಂಗಳಾದರೂ ಮೊಳಕೆ ಇಲ್ಲ. ಊರಲ್ಲಿ ಹಿರಿಯರು "ಆ ಮರಕ್ಕೆ ಮರಿ ಇಲ್ಲ, ಯಾರೂ ನೋಡಿಲ್ಲ" ಅನ್ನುತ್ತಾರೆ.
– ರೈತರು, ಶಿಗ್ಗಾವಿ

ಈ ಪತ್ರವನ್ನು ಕೊನೆಗೆ ಅಂತ ಎತ್ತಿಟ್ಟುಕೊಂಡಿದ್ದೆ. ನಿಮ್ಮ ಹಿರಿಯರ ಮಾತನ್ನೇ ಆಫ್ರಿಕಾದ ಹಿರಿಯರೂ ಹೇಳುತ್ತಾರೆ. ಬಾವೋಬಾಬ್ ದೊಡ್ಡದಾಗಿಯೇ ಆಕಾಶದಿಂದ ಬೀಳುತ್ತದೆ, ಅದಕ್ಕೆ ಎಳೆಯ ಮರ ಅಂತಲೇ ಇಲ್ಲ ಅಂತ. ಅದಕ್ಕೆ ಕಾರಣ ಇದೆ. ಎಳೆಯ ಗಿಡದ ಎಲೆಗೆ ಬೆರಳುಗಳಿಲ್ಲ. ಒಂಟಿ ಎಲೆ, ಯಾವುದೋ ಕಾಡುಗಿಡದ ಹಾಗೆ. ಕಾಂಡವೂ ತೆಳ್ಳಗೆ. ನೋಡಿದವರು ಗುರುತಿಸದೇ ಕಳೆ ಅಂತ ಕಿತ್ತು ಹಾಕಿರುತ್ತಾರೆ.

ಬೀಜದ ಸಿಪ್ಪೆ ತುಂಬಾ ಗಟ್ಟಿ. ಆಫ್ರಿಕಾದಲ್ಲಿ ಆನೆ ನುಂಗಿ, ಹೊಟ್ಟೆಯಲ್ಲಿ ಮೆತ್ತಗಾಗಿ ಹೊರಬಂದರೆ ಮೊಳೆಯುತ್ತದೆ. ನೀವು ಹೀಗೆ ಮಾಡಿ. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ, ಒಳಗಿನ ಬಿಳಿ ಚೂರು ಕಾಣುವಷ್ಟು ಮಾತ್ರ. ಕುದಿಸಿ ಇಳಿಸಿದ ನೀರಲ್ಲಿ ಹಾಕಿ ಮಾರನೆಯ ದಿನದವರೆಗೆ ಬಿಡಿ. ಉಬ್ಬಿದ ಬೀಜಗಳನ್ನು ಆರಿಸಿ ಮರಳು ಬೆರೆಸಿದ ಮಣ್ಣಿಗೆ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಹಾಕಿ. ಬೇಸಿಗೆಯೇ ಒಳ್ಳೇದು. ನೀರು ಮಿತವಾಗಿ. ಚಳಿಗಾಲದಲ್ಲಿ ಎಲೆ ಉದುರಿದರೆ ಸತ್ತಿತು ಅಂತ ಕೀಳಬೇಡಿ, ನೀರು ನಿಲ್ಲಿಸಿ ಕಾಯಿರಿ. ಹೊಲದಲ್ಲಿ ನೆಡುವಾಗ ಮನೆ, ಬಾವಿ, ತಂತಿ ಯಾವುದೂ ಹತ್ತಿರ ಇಲ್ಲದ ಎತ್ತರದ ಜಾಗ ನೋಡಿ.

ನಾನು ನಾಲ್ಕು ವರ್ಷದ ಹಿಂದೆ ಹೀಗೆ ಐದು ಬೀಜ ಹಾಕಿದ್ದೆ, ಎರಡು ಎದ್ದವು. ಮಾಳಿಗೆಯ ಮೇಲೆ ಹಳೇ ಬಕೆಟ್‌ನಲ್ಲಿ ಇವೆ. ಹೋದ ಮಳೆಗಾಲದವರೆಗೂ ಒಂಟಿ ಎಲೆಗಳೇ ಬರುತ್ತಿದ್ದವು. ಈ ಜೂನ್‌ನಲ್ಲಿ ಬಟ್ಟೆ ಒಣಹಾಕಲು ಹೋದಾಗ ತುದಿಯಲ್ಲಿ ಒಂದು ಎಲೆ ಮೂರಾಗಿ ಸೀಳಿತ್ತು. ಕಳೆದ ವಾರ ಬಂದದ್ದಕ್ಕೆ ಐದು ಬೆರಳು.